ವಿನೈಲ್ ಫಿಗರ್ ಕಿಟ್: ಕಟ್ಟೋದು ಹೆಂಗ, ಬ್ಯಾಸಗಿಗೆ ಕಾಲು ಬಾಗದಂಗ ಗಟ್ಟಿ ಮಾಡೋದು ಹೆಂಗ

ವಿನೈಲ್ ಫಿಗರ್ ಕಿಟ್ ಅಂದ್ರ ತುಂಡು ತುಂಡಾಗಿ ಬರೋ, ನಾವ ಕೂಡಿಸಿ ಬಣ್ಣ ಹಚ್ಚೋ ಮೆತ್ತನ ಪ್ಲಾಸ್ಟಿಕ್ ಗೊಂಬಿ. ಅದನ್ನ ತಗೊಂಡವರು ಎಲ್ಲಾರೂ ಮೊದಲ ಕೇಳೋದು ಬಣ್ಣದ ಬಗ್ಗೆ, ಯಾವ ಪೇಂಟ್ ಚಲೋ, ಯಾವ ಬ್ರಷ್ ತಗೋಬೇಕು ಅಂತ. ನಾ ಹೇಳೋದು ಏನಂದ್ರ, ಮೊದಲ ಕಾಲಿನ ಬಗ್ಗೆ ಕೇಳ್ರಿ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಏಪ್ರಿಲ್-ಮೇ ಬಂತಂದ್ರ ಹೊರಗ 37-38 ಡಿಗ್ರಿ ಸಾಮಾನ್ಯ, ಗದಗದ ಬಿಸಲು ನಿಮಗ ಗೊತ್ತ ಐತಿ, ಮತ್ತ ತಗಡಿನ ಮನಿ ಇದ್ರ ಅಟ್ಟದ ಮ್ಯಾಲೆ ಇನ್ನೂ ಹೆಚ್ಚಿಗೆ ಕಾಯತೈತಿ. ಆ ಕಾವಿಗೆ ಒಳಗ ಟೊಳ್ಳು ಇರೋ ವಿನೈಲ್ ಕಾಲು ಸಾವಕಾಶ ಮೆತ್ತಗಾಗಿ, ಮ್ಯಾಲಿನ ಮೈ ಭಾರಕ್ಕ ಹಿಮ್ಮಡದ ಹತ್ರ ಮಡಚಿಕೊಂಡು, ಚಂದ ಬಣ್ಣ ಹಚ್ಚಿದ ಫಿಗರ್ ಒಂದ ಕಡೆ ವಾಲಿ ನಿಂತಿರತೈತಿ. ಡಬ್ಬಿಯೊಳಗ ಬರೋ ಸೂಚನೆ ಹಾಳಿಯೊಳಗ ಭಾಳ ಸಲ ಇದರ ಬಗ್ಗೆ ಒಂದ ಮಾತೂ ಇರಂಗಿಲ್ಲ. ಅದಕ್ಕ ಈ ಲೇಖನದಾಗ ಕಟ್ಟೋದೆಲ್ಲಾ ಹೇಳ್ತೀನಿ, ಆದ್ರ ಒಳಗ ತುಂಬಿ ಗಟ್ಟಿ ಮಾಡೋದನ್ನ ಭಾಳ ಬಿಡಿಸಿ ಹೇಳ್ತೀನಿ.

ಮೊದಲ ಈ ವಸ್ತು ಏನು ಅಂತ ತಿಳಕೋರಿ. ವಿಮಾನ, ಕಾರ್ ಕಿಟ್ ಚೌಕಟ್ಟಿನೊಳಗ ಬರ್ತಾವಲ್ಲ, ಅವು ಗಟ್ಟಿ ಪಾಲಿಸ್ಟೈರೀನ್, ಇದು ಅದಲ್ಲ. ಇದು ಮೆತ್ತನ ಪಿವಿಸಿ. ದ್ರವ ರೂಪದ ಪಿವಿಸಿನ ಲೋಹದ ಅಚ್ಚಿನೊಳಗ ಹಾಕಿ ಕಾಯಿಸ್ತಾರ, ಅಚ್ಚಿನ ಗೋಡೆಗೆ ಒಂದ ಪದರ ಹಿಡದ ಮ್ಯಾಲೆ ಉಳಿದದ್ದನ್ನ ಹೊರಗ ಸುರುವ್ತಾರ, ಆಮ್ಯಾಲ ಬಿಸಿ ಇದ್ದಾಗ ಇಕ್ಕಳದಿಂದ ಎಳದು ತಗೀತಾರ. ಅದಕ್ಕ ಕೈ, ಕಾಲು, ತಲಿ ಎಲ್ಲಾ ಟೊಳ್ಳು, ಗೋಡೆ ದಪ್ಪನೂ ಎಲ್ಲಾ ಕಡೆ ಒಂದ ನಮೂನಿ ಇರಂಗಿಲ್ಲ, ಒಂದ ಕಡೆ ದಪ್ಪ ಒಂದ ಕಡೆ ತೆಳ್ಳಗ. ಮತ್ತ ಪಿವಿಸಿ ಮೆತ್ತಗ ಇರ್ಲಿ ಅಂತ ಅದರಾಗ ಪ್ಲಾಸ್ಟಿಸೈಜರ್ ಅನ್ನೋ ಎಣ್ಣಿಯಂಥ ರಾಸಾಯನಿಕ ಬೆರೆಸಿರ್ತಾರ, ಅದು ವರ್ಷಗಟ್ಟಲೆ ಸಾವಕಾಶ ಹೊರಗ ಬರ್ತಾನ ಇರತೈತಿ. ಈ ಎರಡು ಮಾತು ನೆನಪಿಟ್ಕೋರಿ, ಟೊಳ್ಳು ಮತ್ತ ಪ್ಲಾಸ್ಟಿಸೈಜರ್. ಮುಂದ ಬರೋ ತೊಂದರಿ ಎಲ್ಲಾ ಇವೆರಡರಿಂದನ. ಜಪಾನಿನ ಕೈಯೋಡೊ, ಬಿಲ್ಲಿಕೆನ್, ಅಮೆರಿಕದ ಹೊರೈಜನ್, ಸ್ಕ್ರೀಮಿನ್ ಇವೆಲ್ಲಾ 1980-90ರ ದಶಕದಾಗ ಇಂಥ ಕಿಟ್ ಭಾಳ ಮಾಡಿದ ಕಂಪನಿಗಳು, ಈಗ ಕೈಗೆ ಸಿಗೋ ಹಳೇ ಕಿಟ್‌ನ್ಯಾಗ ಅವರವೂ ಇರ್ತಾವ.

ಸಾಮಾನು

ಕಿಟ್ ಒಂದ ಆನ್‌ಲೈನ್ ತರಿಸಬೇಕು, ಉಳಿದ ಸಾಮಾನೆಲ್ಲಾ ಊರಾಗ ಸಿಗತೈತಿ. ದುರ್ಗದಬೈಲ್, ಕೊಪ್ಪಿಕರ್ ರೋಡ್ ಕಡೆ ಒಂದ ಸಂಜಿ ತಿರುಗಿದ್ರ ಮುಗೀತು, ಧಾರವಾಡದವರಿಗೆ ಸುಭಾಸ ರೋಡ್ ಸಾಕು. ಬೇಕಾಗೋದು ಬದಲಿ ಬ್ಲೇಡ್ ಇರೋ ಕ್ರಾಫ್ಟ್ ಚಾಕು, ಹೇರ್ ಡ್ರೈಯರ್, ಪಾತ್ರಿ ತೊಳಿಯೋ ಲಿಕ್ವಿಡ್, ಹಳೇ ಟೂತ್ ಬ್ರಷ್, ಫೆವಿಕ್ವಿಕ್, ಎಂ-ಸೀಲ್ (ನಾದಿ ಹಚ್ಚೋ ಎಪಾಕ್ಸಿ ಪುಟ್ಟಿ), ಅರಾಲ್ಡೈಟ್ (ಎಪಾಕ್ಸಿ ಅಂಟು), ನೀರಾಗ ತಿಕ್ಕೋ ಪಾಲಿಶ್ ಪೇಪರ್ 220, 400, 600 ನಂಬರಿಂದು, ಮಾಸ್ಕಿಂಗ್ ಟೇಪ್, 2 ಮತ್ತ 3 ಮಿಲಿಮೀಟರ್ ಡ್ರಿಲ್ ಬಿಟ್, ಮತ್ತ ಕಾಲಿನೊಳಗ ತುಂಬಾಕ ಪಿಒಪಿ, ಅಂದ್ರ ಪ್ಲಾಸ್ಟರ್ ಆಫ್ ಪ್ಯಾರಿಸ್.

ಪಿಒಪಿ ಕೇಳಿದ್ರ ಅಂಗಡಿಯವರು "ಸೀಲಿಂಗ್ ಮಾಡಾಕೇನ್ರಿ ಸರ, ಚೀಲ ಹಾಕ್ಲ್ಯಾ?" ಅಂತಾರ. "ಇಲ್ರೀ ಅಣ್ಣಾರ, ಬಿಡಿ ಒಂದೆರಡು ಕೆಜಿ ಸಾಕು, ಹೊಸ ಚೀಲದ್ದು ಕೊಡ್ರಿ" ಅನ್ರಿ. ಹೊಸದ ಯಾಕಂದ್ರ, ಧಾರವಾಡದ ಮಳಿಗಾಲದಾಗ ಬಾಯಿ ತೆಗದಿಟ್ಟ ಚೀಲ ಗಾಳಿಯೊಳಗಿನ ತೇವ ಎಳಕೊಂಡು ಗಂಟು ಗಂಟಾಗಿರತೈತಿ, ಅಂಥ ಪುಡಿ ಸರಿಯಾಗಿ ಗಟ್ಟಿ ಆಗಂಗಿಲ್ಲ. ಮನಿಗೆ ಬಂದು ಒಂದ ಚಮಚೆ ಕಲಸಿ ನೋಡ್ರಿ, ಅರ್ಧ ತಾಸಿನ್ಯಾಗ ಉಗುರು ಊರಿದ್ರ ಗುರ್ತು ಬೀಳದಂಗ ಆದ್ರ ಚಲೋ ಐತಿ ಅಂತ ಅರ್ಥ. ದಂತ ವೈದ್ಯರು ಬಳಸೋ ಡೆಂಟಲ್ ಪ್ಲಾಸ್ಟರ್ ಸಿಕ್ರ ಇನ್ನೂ ಚಲೋ, ಅದು ನಯಾ ಇರತೈತಿ.

ಕಾಲು ಬಾಗದಂಗ ಒಳಗ ಹಾಕಾಕ ಸಳಿ, ಅಂದ್ರ ಲೋಹದ ಕಡ್ಡಿ, ಬೇಕು, ಅದಕ್ಕ ಸೈಕಲ್ ರಿಪೇರಿ ಅಂಗಡಿಗೆ ಹೋಗ್ರಿ. ಸೈಕಲ್ ಕಡ್ಡಿ ಸುಮಾರು 2 ಮಿಲಿಮೀಟರ್ ದಪ್ಪ ಇರತೈತಿ, ಸ್ಟೇನ್‌ಲೆಸ್ ಕಡ್ಡಿ ಕೇಳಿ ತಗೋರಿ. ಫಿಗರ್ ದೊಡ್ಡದಿದ್ರ 3 ಮಿಲಿಮೀಟರ್ ಹಿತ್ತಾಳಿ ಸಳಿ. ಸಾದಾ ಕಬ್ಬಿಣದ ತಂತಿ ಬ್ಯಾಡ್ರಿ, ಪಿಒಪಿಯೊಳಗಿನ ನೀರಿಗೆ ತುಕ್ಕು ಹಿಡೀತೈತಿ.

ತೊಳಿಯೋದು, ಸೊಟ್ಟಗಾದದ್ದು ನೆಟ್ಟಗ ಮಾಡೋದು

ಎಲ್ಲಾ ತುಂಡು ಉಗುರು ಬೆಚ್ಚಗಿನ ನೀರಾಗ ಲಿಕ್ವಿಡ್ ಹಾಕಿ ಬ್ರಷ್‌ನಿಂದ ಒಳಗ ಹೊರಗ ತಿಕ್ಕಿ ತೊಳೀರಿ. ಮೈ ಮ್ಯಾಲೆ ಫ್ಯಾಕ್ಟರಿಯೊಳಗಿನ ಜಿಡ್ಡು, ಅಲ್ಲಿಂದ ಇಲ್ಲಿ ತನಕ ಎಷ್ಟ ಕೈ ಮುಟ್ಟಿರ್ತಾವೋ ಆ ಕೈಯೆಣ್ಣಿ, ಎಲ್ಲಾ ಕುಂತಿರತೈತಿ, ಅದು ಹೋಗಲಿಲ್ಲಾಂದ್ರ ಅಂಟೂ ಹಿಡಿಯಂಗಿಲ್ಲ ಬಣ್ಣಾನೂ ಹಿಡಿಯಂಗಿಲ್ಲ.

ಡಬ್ಬಿಯೊಳಗ ವರ್ಷಗಟ್ಟಲೆ ಒತ್ತಿಕೊಂಡು ಕುಂತ ಕಾಲು, ಬಾಲ ಸೊಟ್ಟಗಾಗಿದ್ರ ಚಿಂತಿ ಬ್ಯಾಡ. ವಿನೈಲ್‌ಗೆ ತಾ ಅಚ್ಚಿನ್ಯಾಗ ಹೆಂಗ ಇದ್ದೆ ಅನ್ನೋದು ನೆನಪಿರತೈತಿ. ನೀರು ಕುದಿಸಿ, ಒಲಿ ಆರಿಸಿ, ಎರಡ್ಮೂರು ನಿಮಿಷ ಬಿಟ್ಟು ಆ ಬಿಸಿ ನೀರಾಗ ತುಂಡು ಮುಳುಗಿಸ್ರಿ. ನೋಡನೋಡ್ತ ಅದ ತನ್ನ ಮೂಲ ಆಕಾರಕ್ಕ ಬರತೈತಿ. ಇಕ್ಕಳದಿಂದ ತಗದು, ಇನ್ನೂ ಬೇಕಾದ್ರ ಕೈಲೆ ಒಂಚೂರು ತಿದ್ದಿ, ಹಂಗ ಹಿಡಕೊಂಡ ತಣ್ಣೀರಾಗ ಅದ್ದಿಬಿಡ್ರಿ, ಅಲ್ಲೇ ಗಟ್ಟಿ ಆಗತೈತಿ. ಪಾತ್ರಿ ಮಾತ್ರ ಹಳೇದು ಬ್ಯಾರೇದು ಇಟ್ಕೋರಿ, ಅಡಗಿ ಮಾಡೋ ಪಾತ್ರಿ ಬಳಸಬ್ಯಾಡ್ರಿ. ಮತ್ತ ಗ್ಯಾಸ್ ಉರಿಗೆ, ಮೇಣಬತ್ತಿಗೆ ವಿನೈಲ್ ಹಿಡೀಬ್ಯಾಡ್ರಿ, ಪಿವಿಸಿ ಸುಟ್ರ ಬರೋ ಹೊಗಿಯೊಳಗ ಹೈಡ್ರೋಜನ್ ಕ್ಲೋರೈಡ್ ಇರತೈತಿ, ಎದಿಗೆ ಕೆಟ್ಟದ್ದು.

ಕೊಯ್ಯೋದು

ಪ್ರತಿ ತುಂಡಿನ ಬಾಯಿಗೆ ಹೆಚ್ಚಿನ ವಿನೈಲ್ ಮುಚ್ಚಳದಂಗ ಅಥವಾ ಕೊಳವಿಯಂಗ ಉಳಕೊಂಡಿರತೈತಿ, ಅದನ್ನ ಕೊಯ್ದು ತಗೀಬೇಕು. ಇಲ್ಲೇ ಭಾಳ ಮಂದಿ ಎಡವ್ತಾರ. ತೋಳು ಕೈಯಾಗ ತಗೊಂಡು ಭುಜದ ತುದಿ ಬೆಳಕಿಗೆ ಹಿಡದು ನೋಡ್ರಿ. ತೋಳಿನ ಮೈ ಮುಗಿಯೋ ಕಡೆ ಒಂದ ಮೆಟ್ಟಿಲಿನಂಗ ಒಳಗ ಸರದು ಸಣ್ಣ ಕತ್ತು ಬರತೈತಿ, ಆ ಕತ್ತಿನ ಸುತ್ತ ಒಂದ ಸಣ್ಣ ಗೀರು, ಗೀರಿನ ಆಚೆ ಬ್ಯಾಡಾದ ವಿನೈಲ್. ಕೊಯ್ಯೋದು ಆ ಗೀರಿನ ಮ್ಯಾಲೆ. ಕತ್ತು ಉಳೀಬೇಕು, ಅದು ಮೈಯೊಳಗಿನ ತೂತಿಗೆ ಹೋಗಿ ಸಿಕ್ಕೋ ಭಾಗ. ಮೆಟ್ಟಿಲು ಹತ್ರನ ಕೊಯ್ದುಬಿಟ್ರ ಕೈ ಕೂಡಸಾಕ ಹಿಡಿತಾನ ಇರಂಗಿಲ್ಲ. ಗೀರು ಸರಿ ಕಾಣವಲ್ದಾಂದ್ರ ಮೊದಲ ಹೊರಗ ಕೊಯ್ರಿ, ಆಮ್ಯಾಲ ಸ್ವಲ್ಪ ಸ್ವಲ್ಪ ಒಳಗ ಬರ್ರಿ.

ತಣ್ಣಗಿದ್ದಾಗ ಕೊಯ್ಯಾಕ ಹೋಗಬ್ಯಾಡ್ರಿ, ಚಾಕು ಜಾರಿ ಬೆರಳಿಗೆ ಬರತೈತಿ. ಹೇರ್ ಡ್ರೈಯರ್ ಹಿಡದು ಅರ್ಧ ನಿಮಿಷ ಕಾಯಿಸ್ರಿ, ಬೆರಳಿಂದ ಒತ್ತಿದ್ರ ತಗ್ಗಾಗಿ ವಾಪಸ್ ಬರಬೇಕು, ಅಷ್ಟ ಮೆತ್ತಗಾದ್ರ ಚಾಕು ಜೋರ ಹಾಕದನ ಹೋಗತೈತಿ. ಹಿಡಕೊಂಡ ಕೈಯಿಂದ ಹೊರಗಿನ ಕಡೆ ಕೊಯ್ರಿ. ಬ್ಲೇಡ್ ಮೊಂಡಾದ ಕೂಡಲೆ ಬದಲಿ ಮಾಡ್ರಿ, ಅದರಾಗ ಉಳಿತಾಯ ಬ್ಯಾಡ. ಅಚ್ಚಿನ ಜೋಡಣಿ ಗೆರಿ ಮೈ ಮ್ಯಾಲೆ ಕಂಡ್ರ ಅದನ್ನೂ ಬಿಸಿ ಮಾಡಿ ಬ್ಲೇಡ್‌ನಿಂದ ಸವರಿ ತಗೀರಿ. ಕೊಯ್ದು ಬಂದ ಚೂರು ಒಗೀಬ್ಯಾಡ್ರಿ, ಒಂದ ಡಬ್ಬಿಯೊಳಗ ಹಾಕಿಡ್ರಿ, ಬಣ್ಣದ ವ್ಯಾಳೆಕ್ಕ ಬೇಕು.

ಎಲ್ಲಾ ಕೊಯ್ದಾದ ಮ್ಯಾಲೆ ಅಂಟು ಹಚ್ಚದ ಒಮ್ಮೆ ಪೂರಾ ಜೋಡಿಸಿ ನೋಡ್ರಿ. ಒಳಗ ಹೋಗೋ ಕತ್ತನ್ನ ತಣ್ಣಗ ಬಿಟ್ಟು, ಸುತ್ತಲಿನ ತೂತನ್ನ ಮಾತ್ರ ಕಾಯಿಸಿದ್ರ ತೂತು ಹಿಗ್ಗಿ ಕತ್ತು ಟಪ್ ಅಂತ ಒಳಗ ಕುಂದರತೈತಿ. ಟೇಪ್ ಸುತ್ತಿ ನಿಲ್ಲಿಸಿ ಎರಡು ಹೆಜ್ಜಿ ಹಿಂದ ಸರದು ನೋಡ್ರಿ, ಭಾರ ಎಲ್ಲಿ ಬೀಳಾಕತ್ತೈತಿ, ಮುಂದಕ್ಕೋ ಹಿಂದಕ್ಕೋ, ಎರಡೂ ಕಾಲು ನೆಲಕ್ಕ ಸಮ ಕುಂತಾವೋ ಇಲ್ಲೋ. ಇದನ್ನ ನೋಡದ ಮುಂದ ಹೋಗಬ್ಯಾಡ್ರಿ, ಯಾಕಂದ್ರ ಕಾಲು ತುಂಬಿದ ಮ್ಯಾಲೆ ಆ ಕಾಲಿನ ಭಂಗಿ ಬದಲಿ ಮಾಡಾಕ ಆಗಂಗಿಲ್ಲ.

ಒಳಗ ಗಟ್ಟಿ ಮಾಡೋದು

ಶಿಗ್ಗಾವಿ ಹತ್ರ ಗೊಟಗೋಡಿ ಉತ್ಸವ ರಾಕ್ ಗಾರ್ಡನ್ ನೋಡಿದವರಿಗೆ ಅಲ್ಲಿನ ಆಳೆತ್ತರದ ರೈತರು, ಎತ್ತು, ಹಳ್ಳಿ ಮಂದಿ ಮೂರ್ತಿ ನೆನಪಿರ್ತಾವ. ಸಿಮೆಂಟ್ ಮೂರ್ತಿ ಮಾಡೋ ಕಲಾವಿದರು ಮೊದಲ ಒಳಗ ಸಳಿ ಕಟ್ಟಿಕೊಂಡು ಆಮ್ಯಾಲ ಸಿಮೆಂಟ್ ಮೆತ್ತತಾರ, ನಾವು ಮಾಡೋದೂ ಅದ, ಆದ್ರ ಉಲ್ಟಾ, ನಮಗ ಹೊರಗಿನ ತೊಗಲು ಮೊದಲ ಸಿಕ್ಕಿರತೈತಿ, ಎಲುಬು ಆಮ್ಯಾಲ ಹಾಕಬೇಕು.

ನಿಯಮ ಒಂದ, ಕೆಳಗ ಭಾರ ಮ್ಯಾಲೆ ಹಗುರ. ಪಾದದಿಂದ ತೊಡಿ ತನಕ ಪಿಒಪಿ ತುಂಬಬೇಕು, ಸೊಂಟದಿಂದ ಮ್ಯಾಲೆ ಟೊಳ್ಳು ಬಿಡಬೇಕು. ಇಡೀ ಮೈ ಪಿಒಪಿ ತುಂಬಿದ್ರ ಗಟ್ಟಿ ಆಗತೈತಿ ಅಂತ ತಿಳಕೊಂಡು ತಲಿ ತನಕ ತುಂಬೋರು ಅದಾರ, ಅದು ತಪ್ಪು, ಅಷ್ಟೂ ಭಾರ ಹಿಮ್ಮಡದ ಮ್ಯಾಲನ ಬೀಳತೈತಿ.

ಅಂಗಾಲಿಗೆ 2 ಅಥವಾ 3 ಮಿಲಿಮೀಟರ್ ತೂತು ಹಾಕ್ರಿ, ಸಳಿ ಎಷ್ಟ ದಪ್ಪನೋ ಅಷ್ಟ. ಒಳಗಿಂದ ಸಳಿ ಇಳಿಸಿ ಪಾದದ ಕೆಳಗ ಒಂದ ಇಂಚು ಹೊರಗ ಬಿಡ್ರಿ, ಅದು ಮುಂದ ಕಟ್ಟಿಗಿ ಪೀಠಕ್ಕ ಹೋಗತೈತಿ. ಮ್ಯಾಲೆ ತೊಡಿ ತನಕ ಹೋಗಲಿ, ಮೊಣಕಾಲು ಬಾಗಿದ್ರ ಸಳಿನೂ ಅಲ್ಲೇ ಬಗ್ಗಿಸ್ರಿ. ಒಳಗಿರೋ ಭಾಗನ ಮೊದಲ ಪಾಲಿಶ್ ಪೇಪರ್‌ನಿಂದ ತಿಕ್ಕಿ, ಇಕ್ಕಳದಿಂದ ಅಲ್ಲಲ್ಲಿ ಅಂಕುಡೊಂಕು ಮಾಡ್ರಿ, ನಯಾ ನೆಟ್ಟಗಿನ ಸಳಿ ಪ್ಲಾಸ್ಟರ್ ಒಳಗ ತಿರುಗಾಕ ಶುರು ಮಾಡತೈತಿ. ಅಂಗಾಲಿನ ತೂತಿನ ಸುತ್ತ ಹೊರಗಿಂದ ಎಂ-ಸೀಲ್ ಒತ್ತಿ ಸೋರದಂಗ ಮುಚ್ರಿ. ಕಾಲು ಎರಡು ತುಂಡಿನ್ಯಾಗ ಬಂದಿದ್ರ, ಅಂದ್ರ ಬೂಟು ಬ್ಯಾರೆ ತೊಡಿ ಬ್ಯಾರೆ ಇದ್ರ, ಅವೆರಡನ್ನ ಮೊದಲ ಫೆವಿಕ್ವಿಕ್ ಹಾಕಿ ಕೂಡಿಸಿ ಆಮ್ಯಾಲ ತುಂಬ್ರಿ.

ಈಗ ಪಿಒಪಿ. ಪ್ಲಾಸ್ಟಿಕ್ ಬುಟ್ಟಿಯೊಳಗ ಮೊದಲ ನೀರು, ಆಮ್ಯಾಲ ಪುಡಿ, ಉಲ್ಟಾ ಮಾಡಬ್ಯಾಡ್ರಿ. ಒಂದ ವಾಟಗಾ ನೀರಿಗೆ ಸುಮಾರು ಎರಡು ವಾಟಗಾ ಪುಡಿ, ಉದುರಿಸ್ತ ಹೋಗ್ರಿ, ಒಂದ ನಿಮಿಷ ನೆನೀಲಿ, ಆಮ್ಯಾಲ ಗುಳ್ಳಿ ಏಳದಂಗ ಸಾವಕಾಶ ಕಲಸ್ರಿ. ಇಡ್ಲಿ ಹಿಟ್ಟಿಗಿಂತ ತೆಳು ಇರ್ಬೇಕು, ಕಾಲ್ಬೆರಳಿನ ಸಂದಿಗೆಲ್ಲಾ ಇಳೀಬೇಕಲ್ಲ. ಕಾಲನ್ನ ಪಾದ ಕೆಳಗ ಮಾಡಿ ಒಂದ ಡಬ್ಬಿಯೊಳಗ ಉಸುಕು ತುಂಬಿ ಅದರಾಗ ನೆಟ್ಟಗ ಊರಿ, ಪಾದ ಮುಚ್ಚೋವಷ್ಟ ಮಾತ್ರ ಸುರುವ್ರಿ. ಡಬ್ಬಿನ ಟೇಬಲ್‌ಗೆ ಸಣ್ಣಗ ಕುಟ್ಟಿದ್ರ ಗುಳ್ಳಿ ಮ್ಯಾಲೆ ಬರತಾವ.

ಪಾದ ಮುಚ್ಚೋವಷ್ಟ ಮಾತ್ರ ಅಂದೆ ನೋಡ್ರಿ, ಅದು ಮುಖ್ಯ. ಪಿಒಪಿ ಗಟ್ಟಿ ಆಗೋವಾಗ ಬಿಸಿ ಹುಟ್ಟತೈತಿ, ಕೈ ಇಟ್ರ ಚುರುಕ್ ಅನ್ನೋವಷ್ಟ, ದೊಡ್ಡ ಗಡ್ಡಿಯಾದ್ರ ಇನ್ನೂ ಹೆಚ್ಚು. ವಿನೈಲ್ ಮೆತ್ತಗ ಆಗೋದೂ ಬಿಸಿಗೇನ. ಒಮ್ಮೆಲೇ ತೊಡಿ ತನಕ ಸುರುವಿದ್ರ ಒಳಗಿನ ಬಿಸಿಗೆ ಗೋಡೆ ಮೆತ್ತಗಾಗಿ, ಪ್ಲಾಸ್ಟರ್ ಭಾರಕ್ಕ ಮೀನಖಂಡ ಉಬ್ಬಿ ಹಂಗ ಗಟ್ಟಿ ಆಗಿಬಿಡತೈತಿ, ಆಮ್ಯಾಲ ತಿದ್ದಾಕ ಬರಂಗಿಲ್ಲ. ಅದಕ್ಕ ಪಾದ ಒಂದ ಸಲ, ಬಿಸಿ ಆರಿದ ಮ್ಯಾಲೆ ಮೊಣಕಾಲು ತನಕ, ಅದೂ ಆರಿದ ಮ್ಯಾಲೆ ತೊಡಿ. ಒಂದೊಂದು ಸಲಕ್ಕೂ ಹೊಸದಾಗಿ ಕಲಸ್ರಿ, ಗಟ್ಟಿ ಆಗಾಕತ್ತಿದ್ದಕ್ಕ ನೀರು ಹಾಕಿ ತೆಳು ಮಾಡಿದ್ರ ಅದು ಬರೇ ಸುಣ್ಣದ ಪುಡಿಯಂಗ ಉದುರತೈತಿ. ಉಳದದ್ದನ್ನ ಸಿಂಕ್‌ನ್ಯಾಗ ಸುರುವಬ್ಯಾಡ್ರಿ, ಪೈಪ್ ಕಟ್ಟಕೊಂಡು ಒಡಸಬೇಕಾಗತೈತಿ, ಬುಟ್ಟಿಯೊಳಗ ಗಟ್ಟಿ ಆಗಲಿ, ಆಮ್ಯಾಲ ಬುಟ್ಟಿ ಬಗ್ಗಿಸಿದ್ರ ತಾನ ಬಿಟ್ಟು ಬರತೈತಿ. ಮತ್ತ ಸಣ್ಣ ಹುಡುಗರು ಬಾಜೂಕ ಇದ್ರ ಹಸಿ ಪ್ಲಾಸ್ಟರ್‌ದಾಗ ಕೈ ಅದ್ದಿ ಕುಂದ್ರದಂಗ ನೋಡ್ಕೋರಿ, ಗಟ್ಟಿ ಆಗೋವಾಗಿನ ಬಿಸಿಗೆ ಚರ್ಮ ಸುಡತೈತಿ.

ತುಂಬಿದ ಮ್ಯಾಲೆ ಅವಸರ ಮಾಡಬ್ಯಾಡ್ರಿ. ಮುಟ್ಟಿದ್ರ ಗಟ್ಟಿ ಆಗಿರತೈತಿ, ಆದ್ರ ಒಳಗ ಹೆಚ್ಚಿನ ನೀರು ಇನ್ನೂ ಇರತೈತಿ, ವಿನೈಲ್ ಗೋಡೆಯಿಂದ ಅದು ಹೊರಗ ಹೋಗಾಕ ದಾರಿ ಇಲ್ಲ, ಮ್ಯಾಲಿನ ಬಾಯಿ ಒಂದ ದಾರಿ. ಬಾಯಿ ತೆರದು ಫ್ಯಾನ್ ಗಾಳಿಗೆ ಇಡ್ರಿ, ಬ್ಯಾಸಗಿಯೊಳಗ ಒಂದ ವಾರ, ಜೂನ್‌ನಿಂದ ಸೆಪ್ಟೆಂಬರ್ ತನಕ ಆದ್ರ ಅದರ ದುಪ್ಪಟ್ಟು.

ಮ್ಯಾಲಿನ ಮೈಗೆ ಬ್ಯಾರೆ ಉಪಾಯ. ಕುತ್ತಿಗಿ, ಭುಜ, ಬಾಲ ಕೂಡೋ ಜಾಗದಾಗ ಒಳಗಿನ ಕಡೆಯಿಂದ ಎಂ-ಸೀಲ್ ಪಟ್ಟಿ ಮಾಡಿ ಒತ್ರಿ, ಬೆರಳು ಹೋಗೋ ತನಕ. ಚಾಚಿದ ಕೈಯೊಳಗ, ರೆಕ್ಕಿಯೊಳಗ ಒಂದ ಸೈಕಲ್ ಕಡ್ಡಿ ಇಟ್ಟು ಎರಡೂ ತುದಿಗೆ ಎಂ-ಸೀಲ್ ಮೆತ್ತಿದ್ರ ಸಾಕು. ಮೈ ತುಂಬ ಏನರ ಹಗುರಾದದ್ದು ತುರುಕೋಣ ಅಂತ ಥರ್ಮೋಕೋಲ್ ಮಾತ್ರ ಹಾಕಬ್ಯಾಡ್ರಿ. ಥರ್ಮೋಕೋಲ್ ಅಂದ್ರ ಪಾಲಿಸ್ಟೈರೀನ್, ವಿನೈಲ್‌ನಿಂದ ಹೊರಗ ಬರೋ ಪ್ಲಾಸ್ಟಿಸೈಜರ್ ಅದನ್ನ ತಿಂದು ಅಂಟಂಟು ಮಾಡತೈತಿ. ಇದ ಕಾರಣಕ್ಕ ಮುಗಿದ ಫಿಗರ್‌ನೂ ಥರ್ಮೋಕೋಲ್ ಮ್ಯಾಲೆ, ಪಾಲಿಸ್ಟೈರೀನ್ ಹಾಳಿ ಮ್ಯಾಲೆ ಹಂಗ ನಿಲ್ಲಿಸಬ್ಯಾಡ್ರಿ. ಉಬ್ಬೋ ಪಿಯು (ಪಾಲಿಯುರೆಥೇನ್) ಫೋಮ್ ಬಳಸೋರು ಅದಾರ, ಹಗುರ ಇರತೈತಿ ಖರೆ, ಆದ್ರ ಅದು ಉಬ್ಬೋ ಜೋರಿಗೆ ಮೈಯಿ ಹಿಗ್ಗಿ ಆಕಾರ ಕೆಡತೈತಿ, ಹೊರಗ ಬರಾಕ ದೊಡ್ಡ ಬಾಯಿ ಬಿಟ್ಟು ಸ್ವಲ್ಪ ಸ್ವಲ್ಪ ಹಾಕೋ ತಾಳ್ಮಿ ಇದ್ರ ಮಾತ್ರ ಅದಕ್ಕ ಕೈ ಹಾಕ್ರಿ.

ಕೂಡಿಸೋದು, ಸಂದಿ ಮುಚ್ಚೋದು

ಫೆವಿಕ್ವಿಕ್ ವಿನೈಲ್‌ಗೆ ಭಾಳ ಲಗೂನ ಹಿಡೀತೈತಿ, ತಿದ್ದಾಕ ವ್ಯಾಳೆ ಕೊಡಂಗಿಲ್ಲ. ಅದಕ್ಕ ಮೊದಲ ಒಣಾ ಜೋಡಿಸಿ, ಸರಿ ಕುಂತ ಮ್ಯಾಲೆ ಸಂದಿಗೆ ಹನಿ ಹನಿ ಬಿಡ್ರಿ, ತಾನ ಒಳಗ ಹರೀತೈತಿ. ಮಳಿಗಾಲದಾಗ ಅಂಟಿನ ಸುತ್ತ ಬೆಳ್ಳಗ ಬೂದಿ ಕುಂದರತೈತಿ, ಹೆದರಬ್ಯಾಡ್ರಿ, ಅದು ಪ್ರೈಮರ್ ಕೆಳಗ ಮುಚ್ಚಿ ಹೋಗತೈತಿ. ಕಣ್ಣಿಗೆ ಕನ್ನಡಕ ಇರ್ಲಿ. ಬೆರಳು ಅಂಟಿದ್ರ ಬೆಚ್ಚಗಿನ ಸಾಬೂನು ನೀರು ಹಾಕಿ ಬಿಡಿಸ್ಕೋರಿ, ಆದ್ರ ನೇಲ್ ಪಾಲಿಶ್ ರಿಮೂವರ್ ಬಾಟಲಿ ಫಿಗರ್ ಹತ್ರ ತರಬ್ಯಾಡ್ರಿ, ಅದರಾಗಿನ ಅಸಿಟೋನ್ ಬಿದ್ರ ಪಿವಿಸಿ ಉಬ್ಬಿ ಮೆತ್ತಗಾಗತೈತಿ.

ಎಲ್ಲಾ ಕೂಡಿದ ಮ್ಯಾಲೆ ಕಾಣದ ಜಾಗದಾಗ, ತೊಡಿ ಸಂದಿಗೋ ಬಾಲದ ಕೆಳಗೋ, ಟೊಳ್ಳು ಮೈಗೆ ಒಂದ 2 ಮಿಲಿಮೀಟರ್ ತೂತು ಬಿಡ್ರಿ. ಮೈ ಪೂರಾ ಬಂದ್ ಆದ್ರ ಬ್ಯಾಸಗಿಯೊಳಗ ಒಳಗಿನ ಗಾಳಿ ಹಿಗ್ಗಿ ಸಂದಿ ಬಿರಕು ಬಿಡತೈತಿ.

ಸಂದಿಗೆ ಎಪಾಕ್ಸಿ ಪುಟ್ಟಿ, ಅಂದ್ರ ಎಂ-ಸೀಲ್ ಆದ್ರೂ ನಡೀತೈತಿ. ಎರಡೂ ಭಾಗ ಒಂದ ಬಣ್ಣ ಆಗೋ ತನಕ ನಾದಿ, ಸಣ್ಣ ಹುರಿ ಮಾಡಿ ಸಂದಿಗೆ ಒತ್ತಿ, ಬೆರಳು ನೀರಾಗ ಅದ್ದಿ ಸವರ್ರಿ. ಹಸಿ ಇದ್ದಾಗನ ಪೂರಾ ನಯಾ ಮಾಡಿಬಿಡ್ರಿ, ಕೂದಲು, ಚರ್ಮದ ಸುಕ್ಕು ಇದ್ರ ದಬ್ಬಣದ ತುದಿಯಿಂದ ಆಗಲೇ ಕೊರೀರಿ. ಆಮ್ಯಾಲ ತಿಕ್ಕಿ ಸರಿ ಮಾಡೋಣ ಅಂದ್ರ ಪುಟ್ಟಿ ಕಲ್ಲಿನಂಗ ಗಟ್ಟಿ ವಿನೈಲ್ ಮೆತ್ತಗ, ಪೇಪರ್ ಪುಟ್ಟಿ ಬಿಟ್ಟು ವಿನೈಲ್‌ನ ತಿಂತೈತಿ. ಸ್ವಲ್ಪ ತಿಕ್ಕೋದಿದ್ರ ನೀರು ಹಚ್ಚಿ 400, ಆಮ್ಯಾಲ 600. ಒಣಾ ತಿಕ್ಕೋದಾದ್ರ ಮಾಸ್ಕ್ ಹಾಕ್ಕೋರಿ.

ಬಣ್ಣ

ಇಲ್ಲಿ ಹೇಳೋದು ಒಂದ, ಆಕ್ರಿಲಿಕ್ ಬಿಟ್ಟು ಬ್ಯಾರೆ ಏನೂ ನೇರ ಹಚ್ಚಬ್ಯಾಡ್ರಿ. ಹಾರ್ಡ್‌ವೇರ್ ಅಂಗಡಿ ಎನಾಮೆಲ್ ಪೇಂಟ್ ಹಚ್ಚಿದ್ರ ಪ್ಲಾಸ್ಟಿಸೈಜರ್ ಅದರೊಳಗ ಸೇರಿ ಬಣ್ಣ ಒಣಗೋದ ಇಲ್ಲ, ತಿಂಗಳು ಬಿಟ್ಟು ಮುಟ್ಟಿದ್ರೂ ಬೆರಳಿಗೆ ಅಂಟತೈತಿ, ಧೂಳು ಎಲ್ಲಾ ಅದರ ಮ್ಯಾಲೆ. ಗಾಡಿಗೆ ಹೊಡಿಯೋ ಸ್ಪ್ರೇ ಕ್ಯಾನ್ ಕೆಲವು ಹಿಡೀತಾವ ಕೆಲವು ಅಂಟಂಟಾಗ್ತಾವ. ಕೊಯ್ದಿಟ್ಟ ಚೂರು ಈಗ ತಗೀರಿ, ಅದ ವಿನೈಲ್, ಅದ ಅಚ್ಚಿಂದು, ಅದರ ಮ್ಯಾಲೆ ನಿಮ್ಮ ಪ್ರೈಮರ್ ಹೊಡದು ಒಂದ ವಾರ ಬಿಟ್ಟು ಹೆಬ್ಬೆರಳು ಒತ್ತಿ ನೋಡ್ರಿ. ಗುರ್ತು ಬೀಳಲಿಲ್ಲ, ಬಗ್ಗಿಸಿದ್ರ ಬಿರಕು ಬಿಡಲಿಲ್ಲ ಅಂದ್ರ ಫಿಗರ್‌ಗೆ ಹಚ್ರಿ. ಪ್ರೈಮರ್ ತೆಳ್ಳಗ ಎರಡು ಪದರ, ಮ್ಯಾಲೆ ಕ್ಯಾಮೆಲ್ ಅಥವಾ ಫೆವಿಕ್ರಿಲ್ ಆಕ್ರಿಲಿಕ್ ನೀರು ಹಾಕಿ ತೆಳು ಮಾಡಿ ಪದರ ಪದರ, ಕಡೀಕ ನೀರಿನ ಮ್ಯಾಟ್ ವಾರ್ನಿಶ್. ಉಳದದ್ದು ನಿಮ್ಮ ಕೈಚಳಕ.

ಪೀಠ, ಇಡೋ ಜಾಗ

ಬಡಗ್ಯಾರ ಹತ್ರ 18 ಮಿಲಿಮೀಟರ್ ಪ್ಲೈವುಡ್ ತುಂಡು ಬಿದ್ದಿರ್ತಾವ, ಒಂದ ಕೇಳಿ ತಗೋರಿ. ಪಾದದ ಸಳಿಗೆ ಬಣ್ಣ ಹಚ್ಚಿ ಹಲಗಿ ಮ್ಯಾಲೆ ಒತ್ತಿದ್ರ ಸರಿಯಾದ ಜಾಗಕ್ಕ ಗುರ್ತು ಬೀಳತೈತಿ, ಅಲ್ಲೇ ಡ್ರಿಲ್ ಹಾಕಿ ಅರಾಲ್ಡೈಟ್ ತುಂಬಿ ಕೂಡಿಸ್ರಿ, ರಾತ್ರಿ ಪೂರಾ ಮುಟ್ಟಬ್ಯಾಡ್ರಿ. ಪಶ್ಚಿಮದ ಕಿಟಕಿ, ಟಿವಿ ಮ್ಯಾಲಿನ ಜಾಗ, ತಗಡಿನ ಕೆಳಗಿನ ಅಟ್ಟ ಇವು ಮೂರೂ ಬ್ಯಾಡ. ಹಾವೇರಿಯಿಂದ ಹುಬ್ಬಳ್ಳಿಗೆ ಕಾರಿನ್ಯಾಗ ತರೋದಿದ್ರ ಬಿಸಲಾಗ ಗಾಡಿ ನಿಲ್ಲಿಸಿ ಊಟಕ್ಕ ಹೋಗಬ್ಯಾಡ್ರಿ, ಬಂದ್ ಕಾರಿನೊಳಗಿನ ಕಾವು ಹೊರಗಿನಕಿಂತ ಭಾಳ ಹೆಚ್ಚು.

ಆಗಲೇ ಕಟ್ಟಿದ ಫಿಗರ್ ವಾಲಿದ್ರ

ನಮ್ಮ ಗೆಳೆಯರ ಮಗ ಒಬ್ಬ ಕಾಲು ತುಂಬದ ಕಟ್ಟಿ ಬಣ್ಣ ಹಚ್ಚಿ ಮುಗಿಸಿದ್ದ, ಮೇ ತಿಂಗಳಿಗೆ ಅದು ಮುಂದಕ್ಕ ಬಗ್ಗಿತ್ತು, "ಕಾಕಾ, ಒಗೀಬೇಕೇನ್ರಿ ಇದನ್ನ?" ಅಂತ ಹಿಡಕೊಂಡ ಬಂದ. ಒಗಿಯೋದೇನೂ ಬ್ಯಾಡ. ಹೇರ್ ಡ್ರೈಯರ್ ಸಣ್ಣ ಬಿಸಿಗೆ ಇಟ್ಟು, ಒಂದ ಅಡಿ ದೂರದಿಂದ ಹಿಮ್ಮಡದ ಸುತ್ತ ಆಡಿಸ್ತ ಕಾಯಿಸ್ರಿ, ಬಣ್ಣ ಗುಳ್ಳಿ ಏಳೋವಷ್ಟ ಬ್ಯಾಡ. ಮೆತ್ತಗಾದ ಕೂಡಲೆ ನೆಟ್ಟಗ ಮಾಡಿ ಹಸಿ ಅರಿವಿ ಸುತ್ತಿ ಆರೋ ತನಕ ಹಿಡೀರಿ. ಆಮ್ಯಾಲ ಪೀಠ ಬಿಡಿಸಿ, ಮೆತ್ತನ ಬಟ್ಟಿ ಮ್ಯಾಲೆ ಬೋರಲ ಮಲಗಿಸಿ, ಅಂಗಾಲಿಗೆ 6 ಮಿಲಿಮೀಟರ್ ತೂತು ಒಂದ, ಗಾಳಿ ಹೋಗಾಕ ಬಾಜೂಕ 2 ಮಿಲಿಮೀಟರ್‌ದು ಒಂದ ಹಾಕ್ರಿ. ಸಳಿ ಬಗ್ಗಿಸದ ಹೋಗೋವಷ್ಟ ಉದ್ದ ಒಳಗ ತೂರಿಸ್ರಿ. ಸೂಜಿ ಇಲ್ಲದ ದೊಡ್ಡ ಸಿರಿಂಜ್ ಮೆಡಿಕಲ್ ಅಂಗಡಿಯೊಳಗ ಸಿಗತೈತಿ, ತೆಳು ಪಿಒಪಿ ಅದರಾಗ ಎಳದು, ಫಿಗರ್ ತಲಿ ಕೆಳಗ ಮಾಡಿ ಹಿಡದು, ತೂತಿನಿಂದ ಹಾಕ್ರಿ. ಕಾಲು ಮತ್ತ ಮೈ ನಡುವ ಒಳಗ ತೆರಪಿದ್ರ ಪ್ಲಾಸ್ಟರ್ ಹೊಟ್ಟಿಗೆ ಇಳೀತೈತಿ, ಅದಕ್ಕ ಮೊದಲ ತೂತಿನಿಂದ ಹತ್ತಿ ತುರುಕಿ ಕಡ್ಡಿಯಿಂದ ತೊಡಿ ತನಕ ದಬ್ಬಿ ಬೂಚು ಮಾಡ್ಕೋರಿ. ಇಲ್ಲೂ ಸ್ವಲ್ಪ ಸ್ವಲ್ಪ, ಆರಿಸಿ ಆರಿಸಿ. ತುಂಬಿದ ಮ್ಯಾಲೆ ತೂತು ತೆರದ ಬಿಟ್ಟು ಒಣಗಿಸಿ, ಕಡೀಕ ಎಂ-ಸೀಲ್ ಒತ್ತಿ ಪೀಠಕ್ಕ ಕೂಡಿಸ್ರಿ. ಹಿಮ್ಮಡದ ಹತ್ರ ಬಣ್ಣ ಸ್ವಲ್ಪ ಬಿರಕು ಬಿಟ್ಟಿದ್ರ ಅಷ್ಟಕ್ಕ ಮಾತ್ರ ಮತ್ತೊಮ್ಮೆ ಬಣ್ಣ ಹಚ್ಚಿದ್ರ ಮುಗೀತು.